ಟೆಕ್ಸಾರ್ಕಾನಾದ ಮುಸುಕುಧಾರಿ: ಬಗೆಹರಿಯದ ಕೊಲೆಗಳು ಅಗ್ಗದ ಸಿನಿಮಾ ಆದದ್ದು ಹೇಗೆ?

ಒಟಿಟಿಯಲ್ಲಿ ಕ್ರೈಂ ಸಿನಿಮಾ ಹಾಕಿಕೊಂಡು ಕೂತರೆ ಶುರುವಿನಲ್ಲೇ ‘ನೈಜ ಘಟನೆ ಆಧಾರಿತ’ ಎಂಬ ಕಪ್ಪು ಫಲಕ ಬರುವುದು ಈಗ ಮಾಮೂಲಾಗಿದೆ. ನೋಡಿ ಮುಗಿಸಿದವರು ಫೋನ್ ಎತ್ತಿಕೊಂಡು ನಿಜಕ್ಕೂ ಏನು ನಡೆದಿತ್ತು ಎಂದು ಹುಡುಕುತ್ತಾರೆ. ಸಿಗುವುದು ಹೆಚ್ಚಾಗಿ ಅದೇ ಸಿನಿಮಾದ ದೃಶ್ಯಗಳು, ಅದೇ ಸಿನಿಮಾ ನೋಡಿದವರು ಬರೆದ ವಿವರಗಳು. ಕೊಲೆಗಾರ ಸಿಕ್ಕಿಬಿದ್ದಿದ್ದರೆ ಕೋರ್ಟಿನ ತೀರ್ಪಾದರೂ ಇರುತ್ತದೆ, ತಾಳೆ ನೋಡಬಹುದು. ಸಿಕ್ಕೇ ಇಲ್ಲದಿದ್ದರೆ?

ಇದನ್ನು ಅರ್ಥ ಮಾಡಿಕೊಳ್ಳಲು ಒಂದು ಹಳೆಯ ಅಮೆರಿಕನ್ ಚಿತ್ರವನ್ನು ಬಿಚ್ಚಿ ನೋಡುವುದು ಒಳ್ಳೆಯ ದಾರಿ. 1976ರಲ್ಲಿ ಬಂದ ‘ದಿ ಟೌನ್ ದಟ್ ಡ್ರೆಡೆಡ್ ಸನ್‌ಡೌನ್’. ಹೊತ್ತು ಮುಳುಗುವುದಕ್ಕೇ ಹೆದರುತ್ತಿದ್ದ ಊರಿನ ಕಥೆ. ಊರು ನಿಜ, ಕೊಲೆಗಳು ನಿಜ, ಹಂತಕ ಸಿಗದೆ ಹೋದದ್ದೂ ನಿಜ. ಉಳಿದದ್ದರಲ್ಲಿ ಎಷ್ಟು ನಿಜ ಎಂಬುದು ಇಲ್ಲಿನ ವಿಷಯ.

ಎರಡು ರಾಜ್ಯಗಳ ಒಂದು ಊರು

ಟೆಕ್ಸಾರ್ಕಾನಾ ಎಂಬ ಹೆಸರಿನಲ್ಲೇ ಟೆಕ್ಸಾಸ್, ಅರ್ಕಾನ್ಸಾ ಎರಡೂ ಇವೆ. ಊರಿನ ನಡುವೆ ಸ್ಟೇಟ್ ಲೈನ್ ಅವೆನ್ಯೂ ಎಂಬ ರಸ್ತೆ ಹಾದುಹೋಗುತ್ತದೆ. ರಸ್ತೆಯ ಪಶ್ಚಿಮಕ್ಕೆ ಟೆಕ್ಸಾಸ್, ಪೂರ್ವಕ್ಕೆ ಅರ್ಕಾನ್ಸಾ. ಕೇಂದ್ರ ಸರ್ಕಾರದ ಅಂಚೆ ಕಚೇರಿ ಮತ್ತು ನ್ಯಾಯಾಲಯ ಇರುವ ಕಟ್ಟಡವಂತೂ ಗಡಿರೇಖೆಯ ಮೇಲೆಯೇ ನಿಂತಿದೆ. ಅದರ ತಳಪಾಯಕ್ಕೆ ಟೆಕ್ಸಾಸಿನ ಗುಲಾಬಿ ಗ್ರಾನೈಟ್, ಗೋಡೆಗೆ ಅರ್ಕಾನ್ಸಾದ ಸುಣ್ಣಕಲ್ಲು. ಜನರ ಮಟ್ಟಿಗೆ ಅದು ಒಂದೇ ಊರು. ಸರ್ಕಾರದ ಮಟ್ಟಿಗೆ ಎರಡು: ಎರಡು ನಗರಸಭೆ, ಎರಡು ಪೊಲೀಸ್ ಇಲಾಖೆ, ಎರಡು ಕೌಂಟಿ. ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು. ಅದರ ಪೊಲೀಸ್ ಮುಖ್ಯಸ್ಥ ಷೆರೀಫ್; ಅವನನ್ನು ಜನರೇ ಮತ ಹಾಕಿ ಆರಿಸುತ್ತಾರೆ. ಟೆಕ್ಸಾಸ್ ಕಡೆಯದು ಬೋವಿ ಕೌಂಟಿ, ಅರ್ಕಾನ್ಸಾ ಕಡೆಯದು ಮಿಲ್ಲರ್ ಕೌಂಟಿ.

1946ರ ಹೊತ್ತಿಗೆ ಎರಡನೇ ಮಹಾಯುದ್ಧ ಮುಗಿದು ಕೆಲವೇ ತಿಂಗಳಾಗಿತ್ತು. ರೈಲ್ವೆ ಜಂಕ್ಷನ್ ಆಗಿದ್ದ ಊರಿಗೆ ಯುದ್ಧಕಾಲದ ಮದ್ದುಗುಂಡು ಕಾರ್ಖಾನೆ ಮತ್ತು ಸೇನಾ ಡಿಪೋ ಸೇರಿಕೊಂಡು ಹೊರಗಿನ ಜನ ತುಂಬಿಕೊಂಡಿದ್ದರು. ಸೈನ್ಯದಿಂದ ಬಿಡುಗಡೆಯಾದ ಹುಡುಗರು ಮನೆಗೆ ಮರಳುತ್ತಿದ್ದರು. ರಾತ್ರಿ ಸಿನಿಮಾ ಅಥವಾ ಡ್ಯಾನ್ಸ್ ಮುಗಿಸಿ, ಊರಾಚೆಯ ಮಣ್ಣುರಸ್ತೆಯಲ್ಲಿ ಕಾರು ನಿಲ್ಲಿಸಿ ಹುಡುಗ ಹುಡುಗಿ ಮಾತಾಡುತ್ತಾ ಕೂರುವುದು ಅಲ್ಲಿ ಸಾಮಾನ್ಯ ರೂಢಿ. ಅಂಥ ಜಾಗಗಳು ಎಲ್ಲೆಲ್ಲಿವೆ ಎಂದು ಊರಿಗೆಲ್ಲ ಗೊತ್ತಿತ್ತು, ಅಂದಮೇಲೆ ಹಂತಕನಿಗೂ ಗೊತ್ತಿತ್ತು.

ಹತ್ತು ವಾರ

ಮೊದಲ ದಾಳಿ ಫೆಬ್ರವರಿ 22ರ ರಾತ್ರಿ, ಟೆಕ್ಸಾಸ್ ಕಡೆ. ನಿಂತಿದ್ದ ಕಾರಿನೊಳಗೆ ಒಬ್ಬ ಟಾರ್ಚ್ ಬಿಟ್ಟ. ಕೈಯಲ್ಲಿ ಪಿಸ್ತೂಲು. ತಲೆಗೆ ಬಿಳಿ ಬಟ್ಟೆಯ ಮುಸುಕು, ಅದರಲ್ಲಿ ಕಣ್ಣಿಗೆ, ಬಾಯಿಗೆ ತೂತು. ಯುವಕನ ತಲೆಬುರುಡೆ ಬಿರಿಯುವಂತೆ ಹೊಡೆದ, ಯುವತಿಯ ಮೇಲೆ ದೌರ್ಜನ್ಯ ಎಸಗಿದ. ಇಬ್ಬರೂ ಬದುಕಿಕೊಂಡರು. ಆದರೆ ಬಂದವನು ಬಿಳಿಯನೋ ಕರಿಯನೋ ಎಂಬುದರಲ್ಲೇ ಇಬ್ಬರ ಹೇಳಿಕೆ ಬೇರೆ ಬೇರೆಯಾಯಿತು. ಮುಖಕ್ಕೆ ಟಾರ್ಚ್ ಬೆಳಕು, ಎದುರಿಗೆ ಮುಸುಕು, ಹಾಗಾಗದಿದ್ದರೇ ಆಶ್ಚರ್ಯ. ಪೊಲೀಸರು ಮಾತ್ರ ಯುವತಿಗೆ ದಾಳಿ ಮಾಡಿದವನು ಗೊತ್ತಿರಬೇಕು, ಮುಚ್ಚಿಡುತ್ತಿದ್ದಾಳೆ ಎಂದು ಶಂಕಿಸಿದರು.

ಮಾರ್ಚ್ 24ರ ಬೆಳಿಗ್ಗೆ ಇನ್ನೊಂದು ಜೋಡಿ ಕಾರಿನಲ್ಲಿ ಗುಂಡೇಟಿಗೆ ಸತ್ತುಬಿದ್ದಿದ್ದು ಕಂಡಿತು. ರಾತ್ರಿ ಮಳೆ ಬಂದು ನೆಲದ ಮೇಲಿನ ಗುರುತೆಲ್ಲ ತೊಳೆದುಹೋಗಿತ್ತು.

ಏಪ್ರಿಲ್ 14ರ ನಸುಕಿನಲ್ಲಿ ಸತ್ತವರು ಶಾಲೆಗೆ ಹೋಗುವ ಮಕ್ಕಳು. ಹುಡುಗನಿಗೆ 16, ಹುಡುಗಿಗೆ 15. ಹುಡುಗಿ ಒಂದು ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ನುಡಿಸುತ್ತಿದ್ದಳು. ಆ ರಾತ್ರಿ ಕ್ಲಬ್ ಒಂದರಲ್ಲಿ ಕಾರ್ಯಕ್ರಮ ಮುಗಿಸಿ ವಾದ್ಯದ ಪೆಟ್ಟಿಗೆ ಹಿಡಿದು ಗೆಳೆಯನ ಕಾರು ಹತ್ತಿದಳು. ಕಾರು ಸಿಕ್ಕಿದ್ದು ಸ್ಪ್ರಿಂಗ್ ಲೇಕ್ ಪಾರ್ಕ್ ಬಳಿ, ಇಬ್ಬರ ಶವಗಳು ಅಲ್ಲಿಂದ ದೂರ, ಒಂದೊಂದು ಒಂದೊಂದು ಕಡೆ. ವಾದ್ಯ ಮಾತ್ರ ಇರಲಿಲ್ಲ. ಹಂತಕ ಒಯ್ದಿರಬೇಕು, ಮಾರಲು ಹೋದರೆ ಸಿಕ್ಕಿಬೀಳುತ್ತಾನೆ ಎಂದುಕೊಂಡ ಪೊಲೀಸರು ಸೆಕೆಂಡ್‌ಹ್ಯಾಂಡ್ ಅಂಗಡಿಗಳ ಮೇಲೆ ಕಣ್ಣಿಟ್ಟರು. ಆರು ತಿಂಗಳ ಮೇಲೆ, ಅಕ್ಟೋಬರಿನಲ್ಲಿ, ಅದು ಪೆಟ್ಟಿಗೆಯ ಸಮೇತ ಪೊದೆಯೊಂದರಲ್ಲಿ ಸಿಕ್ಕಿತು. ಹುಡುಗಿಯ ಶವ ಸಿಕ್ಕ ಜಾಗದಿಂದ ದೂರವೇನಲ್ಲ. ಈ ಸ್ಯಾಕ್ಸೋಫೋನನ್ನು ನೆನಪಿಟ್ಟುಕೊಳ್ಳಿ, ಸಿನಿಮಾದಲ್ಲಿ ಇದಕ್ಕೆ ಏನಾಯಿತು ಎಂಬುದು ಮುಂದೆ ಬರುತ್ತದೆ.

ಮೇ 3ರಂದು ನಾಲ್ಕನೆಯ ದಾಳಿ. ಈ ಸಲ ಅರ್ಕಾನ್ಸಾ ಕಡೆ, ಕಾರಿನಲ್ಲಲ್ಲ, ಹೊಲದ ಮನೆಯಲ್ಲಿ. ಪತ್ರಿಕೆ ಓದುತ್ತಾ ಕುಳಿತಿದ್ದ ರೈತನಿಗೆ ಕಿಟಕಿಯಾಚೆಯಿಂದ ಗುಂಡು ಬಿತ್ತು. ಫೋನ್ ಮಾಡಲು ಓಡಿದ ಹೆಂಡತಿಯ ಮುಖಕ್ಕೆ ಎರಡು ಗುಂಡು. ಆಕೆ ರಕ್ತ ಸೋರುತ್ತಲೇ ಪಕ್ಕದ ಮನೆಗೆ ಓಡಿ ಜೀವ ಉಳಿಸಿಕೊಂಡರು.

ಒಟ್ಟು ಐವರು ಸತ್ತರು, ಮೂವರು ಗಾಯಗೊಂಡು ಉಳಿದರು. ಸ್ಥಳೀಯ ಪತ್ರಿಕೆ ‘ಟೆಕ್ಸಾರ್ಕಾನಾ ಗೆಜೆಟ್’ ಹಂತಕನಿಗೆ ‘ಫ್ಯಾಂಟಮ್’ ಎಂದು ಹೆಸರಿಟ್ಟಿತು. ಅಂಗಡಿಗಳಲ್ಲಿ ಬಂದೂಕು, ಬೀಗ, ಕಿಟಕಿ ಪರದೆ ಖಾಲಿಯಾದವು. ಕತ್ತಲಾದರೆ ಬೀದಿಯಲ್ಲಿ ನರಪಿಳ್ಳೆ ಇಲ್ಲ. ಸಿನಿಮಾದ ಹೆಸರಿನಲ್ಲಿರುವ ಭಯ ಕಟ್ಟುಕಥೆಯಲ್ಲ.

ಯಾಕೆ ಸಿಗಲಿಲ್ಲ?

ಇಷ್ಟು ಪೊಲೀಸರಿದ್ದೂ ಯಾಕೆ ಹಿಡಿಯಲಿಲ್ಲ ಎಂದು ಈಗ ಕೇಳುವುದು ಸುಲಭ. ಹೆಣ ಬಿದ್ದ ಜಾಗ ಯಾವ ಠಾಣೆಯ ಸರಹದ್ದು ಎಂದು ಎರಡು ಊರಿನ ಪೊಲೀಸರು ವಾದ ಮಾಡುವುದನ್ನು ನೋಡಿದವರಿಗೆ ಉತ್ತರದ ಒಂದು ಭಾಗ ಹೊಳೆದೀತು. ಇಲ್ಲಿ ಎರಡು ಠಾಣೆಯಲ್ಲ, ಎರಡು ರಾಜ್ಯ. ಇಬ್ಬರು ಷೆರೀಫರು, ಎರಡು ನಗರಗಳ ಪೊಲೀಸರು, ಎರಡು ರಾಜ್ಯಗಳ ಪೊಲೀಸರು, ಜೊತೆಗೆ ಎಫ್‌ಬಿಐ. ಟೆಕ್ಸಾಸ್ ಸರ್ಕಾರ ತನ್ನ ವಿಶೇಷ ದಳವಾದ ‘ರೇಂಜರ್ಸ್’ನಿಂದ ಕ್ಯಾಪ್ಟನ್ ಮ್ಯಾನುಯೆಲ್ ಗೊನ್ಸಾಲಸ್ ಎಂಬ ಖ್ಯಾತ ಅಧಿಕಾರಿಯನ್ನು ಕಳಿಸಿತು. ‘ಲೋನ್ ವುಲ್ಫ್’ ಎಂಬುದು ಅವರ ಅಡ್ಡಹೆಸರು. ಒಂಟಿ ತೋಳ ಬಂದ ಮೇಲೆ ಪತ್ರಿಕೆಗಳಿಗೆ ಸುದ್ದಿಯ ಬರವಿರಲಿಲ್ಲ; ಸಾಕ್ಷ್ಯದ ಬರ ಹಾಗೇ ಉಳಿಯಿತು.

ಇನ್ನೊಂದು ಕಾರಣ ಆ ಕಾಲದ ವಿಜ್ಞಾನ. ಬೆರಳಚ್ಚು ಪರೀಕ್ಷೆ ಇತ್ತು. ಗುಂಡಿನ ಮೇಲಿನ ಗೆರೆ ನೋಡಿ ಯಾವ ಬಂದೂಕಿನದು ಎಂದು ಹೇಳುವ ಬ್ಯಾಲಿಸ್ಟಿಕ್ಸ್ ಇತ್ತು. ಡಿಎನ್ಎ ಪರೀಕ್ಷೆ ಬರಲು ಇನ್ನೂ ಸುಮಾರು 40 ವರ್ಷ ಬಾಕಿ. ಬ್ಯಾಲಿಸ್ಟಿಕ್ಸ್ ಕೂಡ ಉತ್ತರಕ್ಕಿಂತ ಗೊಂದಲವನ್ನೇ ಹೆಚ್ಚಿಸಿತು: ಮಾರ್ಚ್ ಮತ್ತು ಏಪ್ರಿಲ್ ಕೊಲೆಗಳಲ್ಲಿ .32 ಕ್ಯಾಲಿಬರ್ ಗುಂಡು, ಮೇ ತಿಂಗಳ ಹೊಲಮನೆ ಕೊಲೆಯಲ್ಲಿ .22. ಕ್ಯಾಲಿಬರ್ ಎಂದರೆ ಬಂದೂಕಿನ ನಳಿಗೆಯ ಒಳವ್ಯಾಸದ ಅಳತೆ, ಇಂಚಿನ ನೂರನೇ ಭಾಗಗಳಲ್ಲಿ. ಅಳತೆ ಬೇರೆ ಎಂದರೆ ಬಂದೂಕು ಬೇರೆ. ಬಂದೂಕು ಬೇರೆಯಾದರೆ ಕೊಲೆಗಾರನೂ ಬೇರೆಯೇ? ಜಾಗದ ಬಗೆಯೂ ಬೇರೆ, ರಾಜ್ಯವೂ ಬೇರೆ. ಈ ಅನುಮಾನ ಇವತ್ತಿಗೂ ತೀರಿಲ್ಲ.

ಹಾಗಂತ ಶಂಕಿತನೇ ಇರಲಿಲ್ಲ ಎಂದಲ್ಲ. ಅರ್ಕಾನ್ಸಾ ಕಡೆಯ ಅಧಿಕಾರಿ ಮ್ಯಾಕ್ಸ್ ಟ್ಯಾಕೆಟ್ ಒಂದು ಸಂಗತಿ ಗಮನಿಸಿದರು. ಕೊಲೆ ನಡೆದ ರಾತ್ರಿಗಳಲ್ಲಿ ಊರಿನಲ್ಲಿ ಕಾರು ಕಳುವಾಗಿ, ಆಮೇಲೆ ಎಲ್ಲೋ ಬಿಟ್ಟುಹೋದ ಸ್ಥಿತಿಯಲ್ಲಿ ಸಿಗುತ್ತಿತ್ತು. ಈ ಜಾಡು ಹಿಡಿದು 1946ರ ಬೇಸಿಗೆಯಲ್ಲಿ ಒಬ್ಬ ಕಾರುಗಳ್ಳನನ್ನು ಬಂಧಿಸಿದರು. ತನ್ನ ಗಂಡನೇ ಕೊಲೆ ಮಾಡಿದ್ದು ಎಂದು ಅವನ ಹೆಂಡತಿ ಹೇಳಿಕೆ ಕೊಟ್ಟಳು. ಆದರೆ ಒಂದೊಂದು ಸಲ ಕೇಳಿದಾಗ ಒಂದೊಂದು ವಿವರ. ಕೊನೆಗೆ ಹೇಳಿದ್ದನ್ನೇ ಹಿಂತೆಗೆದುಕೊಂಡಳು. ಗಂಡನ ವಿರುದ್ಧ ಸಾಕ್ಷಿ ಹೇಳು ಎಂದು ಹೆಂಡತಿಯನ್ನು ಬಲವಂತ ಮಾಡಲು ಅಲ್ಲಿನ ಕಾನೂನಿನಲ್ಲಿ ಅವಕಾಶವಿರಲಿಲ್ಲ. ಹೀಗಾಗಿ ಕೊಲೆ ಮೊಕದ್ದಮೆ ಹೂಡಲೇ ಇಲ್ಲ. ಪದೇ ಪದೇ ಅಪರಾಧ ಮಾಡುವವನು ಎಂಬ ಲೆಕ್ಕದಲ್ಲಿ, ಕಾರು ಕಳ್ಳತನಕ್ಕೇ 1947ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. 1973ರಲ್ಲಿ ಹೊರಬಂದ, 1994ರಲ್ಲಿ ಸತ್ತ. ಕೊಲೆಗಳ ಲೆಕ್ಕದಲ್ಲಿ ಅವನು ಕೊನೆಯವರೆಗೂ ಬರೀ ಶಂಕಿತ.

ಬಗೆಹರಿಯದ ಪ್ರಕರಣ ಎಂದರೆ ಇದೇ. ಏನೂ ಗೊತ್ತಿಲ್ಲ ಎಂದಲ್ಲ. ಬೇಕಾದಷ್ಟು ಗೊತ್ತಿದೆ, ಯಾವುದೂ ಕೋರ್ಟಿನಲ್ಲಿ ನಿಲ್ಲುವಷ್ಟು ಗಟ್ಟಿಯಿಲ್ಲ.

30 ವರ್ಷದ ಮೇಲೆ ಊರಿನವನೇ ಒಬ್ಬ

ಚಾರ್ಲ್ಸ್ ಬಿ. ಪಿಯರ್ಸ್ ಹಾಲಿವುಡ್‌ನವರಲ್ಲ. ಅರ್ಕಾನ್ಸಾದಲ್ಲಿ ಬೆಳೆದು, ಟೀವಿಯಲ್ಲಿ ಹವಾಮಾನ ವರದಿ ಓದಿ, ಮಕ್ಕಳ ಕಾರ್ಯಕ್ರಮ ನಡೆಸಿ, ಆಮೇಲೆ ಟೆಕ್ಸಾರ್ಕಾನಾದಲ್ಲಿ ಜಾಹೀರಾತು ಕೆಲಸ ಮಾಡಿಕೊಂಡಿದ್ದವರು. 1972ರಲ್ಲಿ, ಊರಿಗೆ ಹತ್ತಿರದ ಫೌಕ್ ಎಂಬ ಹಳ್ಳಿಯ ಜನ ತಾವು ಕಂಡೆವು ಎನ್ನುತ್ತಿದ್ದ ಕೂದಲ ರಾಕ್ಷಸನ ಕುರಿತು ‘ದಿ ಲೆಜೆಂಡ್ ಆಫ್ ಬಾಗಿ ಕ್ರೀಕ್’ ಎಂಬ ಚಿತ್ರ ಮಾಡಿದರು. ಬಂಡವಾಳ ಕೊಟ್ಟದ್ದು ಊರಿನ ಟ್ರಕ್ ವ್ಯವಹಾರದ ಉದ್ಯಮಿ. ನಟಿಸಿದವರಲ್ಲಿ ಬಹಳ ಮಂದಿ ಹಳ್ಳಿಯವರೇ, ತಮ್ಮ ತಮ್ಮ ಪಾತ್ರದಲ್ಲಿ.

ಹಂಚಲು ಯಾರೂ ಸಿಗದಿದ್ದಾಗ ಪಿಯರ್ಸ್ ಊರಿನ ಥಿಯೇಟರನ್ನೇ ಬಾಡಿಗೆಗೆ ಹಿಡಿದರು. ಬಾಡಿಗೆ ಕಟ್ಟಿಬಿಟ್ಟರೆ ಗಲ್ಲಾಪೆಟ್ಟಿಗೆಗೆ ಬಿದ್ದದ್ದೆಲ್ಲ ನಿರ್ಮಾಪಕನದು. ಜನ ಬರದಿದ್ದರೆ ನಷ್ಟವೂ ಅವನದೇ. ಬಾಡಿಗೆ ಪದ್ಧತಿ ಬೇಕೋ ಶೇಕಡಾವಾರು ಪದ್ಧತಿ ಬೇಕೋ ಎಂದು ನಮ್ಮ ಗಾಂಧಿನಗರದಲ್ಲಿ ನಿರ್ಮಾಪಕರಿಗೂ ಥಿಯೇಟರ್ ಮಾಲೀಕರಿಗೂ ನಡೆದ ಜಗಳ ಗೊತ್ತಿರುವವರಿಗೆ ಇದರ ಅಪಾಯ ಬಿಡಿಸಿ ಹೇಳಬೇಕಿಲ್ಲ. ಪಿಯರ್ಸ್ ಗೆದ್ದರು. ಚಿತ್ರ ಕೋಟಿಗಟ್ಟಲೆ ಡಾಲರ್ ತಂದಿತು.

ಅಲ್ಲಿಂದ ಅವರಿಗೆ ಒಂದು ಸೂತ್ರ ಸಿಕ್ಕಿತು: ಊರಿನ ಕಥೆ, ಊರಿನ ಜಾಗ, ಊರಿನ ಜನ, ಮೇಲೊಂದು ಗಂಭೀರ ಧ್ವನಿಯ ನಿರೂಪಣೆ. ಅದೇ ಸೂತ್ರವನ್ನು ನಾಲ್ಕು ವರ್ಷದ ಮೇಲೆ ಟೆಕ್ಸಾರ್ಕಾನಾ ಕೊಲೆಗಳಿಗೆ ಹಾಕಿದರು. ಖರ್ಚು ಸುಮಾರು 4 ಲಕ್ಷ ಡಾಲರ್ ಎನ್ನಲಾಗುತ್ತದೆ. ಹಿಂದಿನ ವರ್ಷ ಬಂದ ‘ಜಾಸ್’ಗೆ ಆದ ಖರ್ಚು ಸುಮಾರು 90 ಲಕ್ಷ ಡಾಲರ್. ಶಾರ್ಕಿನ ಭಯಕ್ಕೆ ಸುರಿದ ದುಡ್ಡಿನಲ್ಲಿ ಇಂಥ 20ಕ್ಕೂ ಹೆಚ್ಚು ಚಿತ್ರ ಮಾಡಬಹುದಿತ್ತು.

ಕೈಯಲ್ಲಿ ದುಡ್ಡಿಲ್ಲದೆ ಭಯ ಹುಟ್ಟಿಸುವುದು

ಕಡಿಮೆ ಬಜೆಟ್ ಎಂದರೆ ಬರೀ ಕಡಿಮೆ ಖರ್ಚಲ್ಲ. ಏನನ್ನು ತೋರಿಸಬೇಕು, ಏನನ್ನು ಬಿಡಬೇಕು ಎಂಬುದನ್ನೂ ಅದೇ ತೀರ್ಮಾನಿಸುತ್ತದೆ.

ಮೊದಲು ನಿರೂಪಣೆ. ಚಿತ್ರದುದ್ದಕ್ಕೂ ವರ್ನ್ ಸ್ಟಿಯರ್‌ಮನ್ ಅವರ ಧ್ವನಿ ವಾರ್ತೆ ಓದಿದ ಹಾಗೆ ದಿನ, ಹೊತ್ತು, ಜಾಗ ಹೇಳುತ್ತಾ ಹೋಗುತ್ತದೆ. ಇದರಿಂದ ಎರಡು ಲಾಭ. ಪಾತ್ರಗಳ ಬಾಯಲ್ಲಿ ಹೇಳಿಸಿ ಚಿತ್ರೀಕರಿಸಬೇಕಾದ ದೃಶ್ಯಗಳು ಒಂದೆರಡು ವಾಕ್ಯದಲ್ಲಿ ಮುಗಿಯುತ್ತವೆ. ದೃಶ್ಯ ಉಳಿದರೆ ದಿನ ಉಳಿಯಿತು, ದಿನ ಉಳಿದರೆ ದುಡ್ಡು ಉಳಿಯಿತು. ಎರಡನೆಯದಾಗಿ, ಸಾಕ್ಷ್ಯಚಿತ್ರದ ದನಿ ಕೇಳಿದ ಕೂಡಲೇ ನಾವು ನಂಬುವುದಕ್ಕೆ ಸಿದ್ಧರಾಗಿ ಕೂರುತ್ತೇವೆ. ‘ನೀವು ನೋಡಲಿರುವುದು ನಿಜ, ಎಲ್ಲಿ ನಡೆಯಿತೋ ಹೇಗೆ ನಡೆಯಿತೋ ಹಾಗೆ, ಹೆಸರು ಮಾತ್ರ ಬದಲಿಸಿದ್ದೇವೆ’ ಎಂಬ ಅರ್ಥದ ಮಾತು ಶುರುವಿನಲ್ಲೇ ಬರುತ್ತದೆ.

ನಂತರ ಮುಸುಕು. ಹಂತಕನಿಗೆ ದೊಡ್ಡ ನಟ ಬೇಡ, ಸಂಭಾಷಣೆ ಬೇಡ, ಮೇಕಪ್ ಬೇಡ. ಸ್ಟಂಟ್ ಕಲಾವಿದ ಬಡ್ ಡೇವಿಸ್ ಅವರ ತಲೆಗೆ ಒಂದು ಬಟ್ಟೆಚೀಲ, ಎರಡು ತೂತು. ಮುಗಿಯಿತು. ಆದರೆ ಕ್ಯಾಮೆರಾ ಹತ್ತಿರ ಹೋದಾಗ ನೋಡಬೇಕು: ಉಸಿರು ಎಳೆದಾಗ ಬಟ್ಟೆ ಬಾಯಿಗೆ ಅಂಟಿಕೊಳ್ಳುತ್ತದೆ, ಬಿಟ್ಟಾಗ ಉಬ್ಬುತ್ತದೆ. ಒಳಗಿರುವುದು ಭೂತವಲ್ಲ, ಏದುಸಿರು ಬಿಡುವ ಮನುಷ್ಯ ಎಂದು ಆ ಬಟ್ಟೆಯೇ ಹೇಳುತ್ತದೆ. ಇಡೀ ಚಿತ್ರದಲ್ಲಿ ನನಗೆ ಎಲ್ಲಕ್ಕಿಂತ ಭಯಂಕರ ಅನ್ನಿಸುವುದು ಇದೇ, ಬಹುಶಃ ಎಲ್ಲಕ್ಕಿಂತ ಕಡಿಮೆ ಖರ್ಚಿನದ್ದೂ ಇದೇ.

ದುಡ್ಡು ಖರ್ಚು ಮಾಡಿದ ಕಡೆ ಪಿಯರ್ಸ್ ಯೋಚಿಸಿ ಮಾಡಿದ್ದಾರೆ. ಅಗಲ ಪರದೆಯ ಚಿತ್ರೀಕರಣ ಇದೆ, ಹೀಗಾಗಿ ಬಯಲು, ಒಂಟಿ ರಸ್ತೆ, ಮರಗಳ ಸಾಲು ಎಲ್ಲ ದೊಡ್ಡದಾಗಿ ಕಾಣುತ್ತವೆ. 1971ರ ಚಿತ್ರಕ್ಕೆ ಆಸ್ಕರ್ ಪಡೆದಿದ್ದ ಬೆನ್ ಜಾನ್ಸನ್ ಅವರನ್ನು ರೇಂಜರ್ ಪಾತ್ರಕ್ಕೆ ಕರೆತಂದರು. ಹೊಲಮನೆಯ ಹೆಂಡತಿಯ ಪಾತ್ರಕ್ಕೆ ಟೀವಿಯಲ್ಲಿ ಮನೆಮಾತಾಗಿದ್ದ ಡಾನ್ ವೆಲ್ಸ್. ಪೋಸ್ಟರಿಗೆ ಎರಡು ಗೊತ್ತಿರುವ ಹೆಸರು ಸಾಕು.

ಇದನ್ನೆಲ್ಲ ನೋಡಿದ್ದು ಯಾರು, ಎಲ್ಲಿ ಕೂತು ಎಂಬುದೂ ಮುಖ್ಯ. ಚಿತ್ರ ಹಂಚಿದ ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಕಂಪನಿಯ ದೊಡ್ಡ ಮಾರುಕಟ್ಟೆಗಳಲ್ಲಿ ಡ್ರೈವ್-ಇನ್ ಒಂದು. ಡ್ರೈವ್-ಇನ್ ಎಂದರೆ ಬಯಲಿನಲ್ಲಿ ದೊಡ್ಡ ಪರದೆ. ಕಾರು ನಿಲ್ಲಿಸಿ ಒಳಗೇ ಕೂತು ನೋಡುವುದು. ಕತ್ತಲಲ್ಲಿ ಕಾರಿನಲ್ಲಿ ಕೂತ ಜೋಡಿಗಳು, ಕತ್ತಲಲ್ಲಿ ಕಾರಿನಲ್ಲಿ ಕೂತ ಜೋಡಿಗಳನ್ನು ಹುಡುಕಿ ಬರುವವನ ಕಥೆ ನೋಡುತ್ತಿದ್ದರು. ಯಾವ ಸ್ಪೆಷಲ್ ಎಫೆಕ್ಟ್ ಇದನ್ನು ಮೀರಿಸೀತು?

ಮುಖ ಮರೆಸಿಕೊಂಡವನು ಹದಿಹರೆಯದವರನ್ನು ಒಬ್ಬೊಬ್ಬರಾಗಿ ಕೊಲ್ಲುತ್ತಾ ಹೋಗುವ ಚಿತ್ರಗಳಿಗೆ ‘ಸ್ಲ್ಯಾಷರ್’ ಎಂಬ ಹೆಸರಿದೆ. ಆ ಬಗೆಗೆ ಭರ್ಜರಿ ಮಾರುಕಟ್ಟೆ ತೆರೆದ ‘ಹ್ಯಾಲೋವೀನ್’ ಬಂದದ್ದು 1978ರಲ್ಲಿ. ಪಿಯರ್ಸ್ ಚಿತ್ರ ಅದಕ್ಕೂ ಎರಡು ವರ್ಷ ಮೊದಲಿನದು. 1981ರ ‘ಫ್ರೈಡೆ ದ ಥರ್ಟೀನ್ತ್’ ಎರಡನೇ ಭಾಗದ ಹಂತಕನ ತಲೆಯ ಮೇಲಿನ ಚೀಲ ನೋಡಿದರೆ ಟೆಕ್ಸಾರ್ಕಾನಾ ನೆನಪಾಗದೆ ಇರದು.

ಯಾವುದು ನಡೆದದ್ದು, ಯಾವುದು ಸೇರಿಸಿದ್ದು

ಹೆಸರು ಮಾತ್ರ ಬದಲಿಸಿದ್ದೇವೆ ಎಂಬ ಮಾತಿಗೆ ಈಗ ಬರೋಣ.

ನಾಲ್ಕು ದಾಳಿಗಳ ಹಂದರ ಚಿತ್ರದಲ್ಲೂ ಇದೆ: ಮೊದಲ ಜೋಡಿ ಉಳಿಯುವುದು, ನಂತರದ ಎರಡು ಜೋಡಿ ಸಾಯುವುದು, ಕೊನೆಗೆ ಹೊಲದ ಮನೆ. ಬಿಳಿ ಮುಸುಕು ನಿಜ, ಆದರೆ ಅದನ್ನು ಕಂಡು ಹೇಳಿದ್ದು ಮೊದಲ ದಾಳಿಯಲ್ಲಿ ಉಳಿದ ಇಬ್ಬರು ಮಾತ್ರ. ಉಳಿದ ಕೊಲೆಗಳ ಹೊತ್ತಿನಲ್ಲಿ ಅವನು ಮುಸುಕು ಹಾಕಿದ್ದನೋ ಇಲ್ಲವೋ ಹೇಳಲು ಯಾರೂ ಬದುಕಿರಲಿಲ್ಲ, ಹೊಲಮನೆಯ ಹೆಂಡತಿ ಅವನ ಮುಖವನ್ನೇ ನೋಡಿರಲಿಲ್ಲ. ಚಿತ್ರದಲ್ಲಿ ಎಲ್ಲ ದಾಳಿಯಲ್ಲೂ ಮುಸುಕು ಇದೆ. ಒಂದು ಪ್ರಕರಣದ ವಿವರ ಹೀಗೆ ಎಲ್ಲ ಪ್ರಕರಣಕ್ಕೂ ಹರಡಿಕೊಂಡಿತು, ಈಗ ಟೆಕ್ಸಾರ್ಕಾನಾ ಹಂತಕ ಎಂದರೆ ಎಲ್ಲರ ಕಣ್ಣಿಗೂ ಚೀಲವೇ ಬರುವುದು.

ಈಗ ಆ ಸ್ಯಾಕ್ಸೋಫೋನ್. ಚಿತ್ರದಲ್ಲಿ ಅದು ಟ್ರೊಂಬೋನ್ ಆಗಿದೆ. ಟ್ರೊಂಬೋನ್ ಉದ್ದನೆಯ ಗಾಳಿವಾದ್ಯ, ಅದರ ಒಂದು ಕೊಳವೆಯನ್ನು ಹಿಂದೆ ಮುಂದೆ ಜಾರಿಸುತ್ತಾ ನುಡಿಸಬೇಕು. ಹಂತಕ ಹುಡುಗಿಯನ್ನು ಮರಕ್ಕೆ ಕಟ್ಟಿ, ಜಾರುಕೊಳವೆಯ ತುದಿಗೆ ಚಾಕು ಬಿಗಿದು, ವಾದ್ಯ ಊದುತ್ತಾ ಇರಿಯುತ್ತಾನೆ. ಇಂಥದ್ದು ನಡೆದೇ ಇಲ್ಲ. ಆ ಹುಡುಗಿ ಸತ್ತದ್ದು ಗುಂಡೇಟಿನಿಂದ, ವಾದ್ಯ ಪೆಟ್ಟಿಗೆಯೊಳಗೇ ಇತ್ತು. ಚಿತ್ರ ನೋಡಿದವರೆಲ್ಲ ನೆನಪಿಟ್ಟುಕೊಳ್ಳುವ ದೃಶ್ಯ ಇದು, ಕೆಲವರು ನಗುತ್ತಾರೆ, ಕೆಲವರಿಗೆ ಹೊಟ್ಟೆ ತೊಳಸುತ್ತದೆ. ನನ್ನ ಮಟ್ಟಿಗೆ ತಕರಾರಿರುವುದು ಅದರ ಕ್ರೌರ್ಯದ ಬಗ್ಗೆ ಅಲ್ಲ. ‘ನಡೆದ ಹಾಗೇ ತೋರಿಸುತ್ತಿದ್ದೇವೆ’ ಎಂದು ಹೇಳಿದ ಬಾಯಲ್ಲೇ, ಸತ್ತ 15ರ ಹುಡುಗಿಯ ಹವ್ಯಾಸವನ್ನು ಕೊಲೆಯ ಆಯುಧ ಮಾಡಿದ್ದರ ಬಗ್ಗೆ.

ಕೊನೆಯ ಬೆನ್ನಟ್ಟುವ ದೃಶ್ಯವೂ ಕಟ್ಟಿದ್ದೇ. ಪೊಲೀಸರು ಹಂತಕನನ್ನು ಕಾಣುತ್ತಾರೆ, ಓಡಿಸಿಕೊಂಡು ಹೋಗುತ್ತಾರೆ, ನಡುವೆ ರೈಲು ಹಾಯುತ್ತದೆ, ಕಾಲಿಗೆ ಗುಂಡು ತಗುಲಿದವನು ಜೌಗಿನಲ್ಲಿ ಕಣ್ಮರೆ. ನಿಜದಲ್ಲಿ ಯಾರೂ ಅವನಿಗೆ ಅಷ್ಟು ಹತ್ತಿರ ಹೋಗಿರಲಿಲ್ಲ. ಇದನ್ನು ಯಾಕೆ ಸೇರಿಸಿದರು ಎಂದು ಊಹಿಸುವುದು ಕಷ್ಟವಲ್ಲ. ಬಗೆಹರಿಯದ ಪ್ರಕರಣಕ್ಕೆ ಕ್ಲೈಮ್ಯಾಕ್ಸ್ ಇರುವುದಿಲ್ಲ. ಫೈಲು ದಪ್ಪವಾಗುತ್ತದೆ, ಅಧಿಕಾರಿಗಳು ನಿವೃತ್ತರಾಗುತ್ತಾರೆ. ಟಿಕೆಟ್ ಕೊಂಡವರಿಗೆ ಅದನ್ನು ಕೊಟ್ಟು ಕಳಿಸಲಾಗದು.

ನಡುನಡುವೆ ಹಾಸ್ಯವೂ ಇದೆ. ಹಂತಕನಿಗೆ ಬಲೆ ಬೀಸಲು ಪೊಲೀಸರು ಹೆಣ್ಣುವೇಷ ಹಾಕಿ ಕಾರಿನಲ್ಲಿ ಕೂರುವುದು, ‘ಸ್ಪಾರ್ಕ್‌ಪ್ಲಗ್’ ಎಂಬ ಪೆದ್ದು ಪೇದೆಯ ಎಡವಟ್ಟುಗಳು. ಆ ಪೇದೆಯ ಪಾತ್ರ ಮಾಡಿದ್ದು ಖುದ್ದು ಪಿಯರ್ಸ್. ಎರಡು ಕೊಲೆಗಳ ನಡುವೆ ಈ ತಮಾಷೆ ಯಾಕೆ ಎಂದು ಎಷ್ಟು ಸಲ ನೋಡಿದರೂ ಅರ್ಥವಾಗುವುದಿಲ್ಲ. ಕನ್ನಡದ ಹಳೆಯ ಚಿತ್ರಗಳ ಕಾಮಿಡಿ ಟ್ರ್ಯಾಕ್ ಕಂಡವರಿಗೆ ಅಷ್ಟೇನೂ ಹೊಸದೆನಿಸದು.

ನಿಜವಾದ ಗೊನ್ಸಾಲಸ್ 1951ರಲ್ಲಿ ನಿವೃತ್ತರಾದ ಮೇಲೆ ಹಾಲಿವುಡ್‌ಗೆ ಹೋಗಿ ರೇಡಿಯೋ, ಟೀವಿ, ಸಿನಿಮಾಗಳಿಗೆ ಸಲಹೆಗಾರರಾಗಿ ದುಡಿದರು. ಪೊಲೀಸ್ ಕೆಲಸಕ್ಕೂ ಕಥೆ ಹೇಳುವ ಕೆಲಸಕ್ಕೂ ನಡುವಿನ ಗೋಡೆ ಆಗಲೇ ತೆಳ್ಳಗಿತ್ತು ಅನ್ನಬೇಕು.

ಸತ್ತವರ ಮನೆಯವರು ಕೋರ್ಟಿಗೆ ಹೋದರೆ?

ಚಿತ್ರ 1976ರ ಕೊನೆಗೆ ಬಿಡುಗಡೆಯಾಯಿತು. ಮೊದಲ ತಕರಾರು ಬಂದದ್ದು ಪೋಸ್ಟರಿನ ಮೇಲೆ. 1946ರಲ್ಲಿ ಐವರನ್ನು ಕೊಂದವನು ಇವತ್ತಿಗೂ ಅರ್ಕಾನ್ಸಾದ ಟೆಕ್ಸಾರ್ಕಾನಾ ಬೀದಿಗಳಲ್ಲಿ ಹೊಂಚುತ್ತಿದ್ದಾನೆ ಎಂದು ಅದರಲ್ಲಿ ಬರೆದಿತ್ತು. ಊರಿನ ಹೆಸರು ಕೆಡುತ್ತದೆ ಎಂದು ಅಧಿಕಾರಿಗಳು ಸಿಟ್ಟಾದರು. ಐವರಲ್ಲಿ ನಾಲ್ವರು ಸತ್ತದ್ದು ಟೆಕ್ಸಾಸ್ ಕಡೆ ಎಂಬುದನ್ನು ಪೋಸ್ಟರ್ ಬರೆದವರು ಲೆಕ್ಕಕ್ಕಿಟ್ಟುಕೊಂಡಂತಿಲ್ಲ.

ಎರಡನೆಯದು ಕೋರ್ಟಿಗೆ ಹೋಯಿತು. ಕೊಲೆಯಾದ ಒಬ್ಬಾಕೆಯ ಅಣ್ಣತಮ್ಮಂದಿರಲ್ಲಿ ಒಬ್ಬರು, ಚಿತ್ರದಿಂದ ಖಾಸಗಿತನಕ್ಕೆ ಧಕ್ಕೆಯಾಗಿದೆ ಎಂದು ಪಿಯರ್ಸ್ ಕಂಪನಿಯ ಮೇಲೆ ದಾವೆ ಹೂಡಿದರು. 1979ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ಆ ನ್ಯಾಯಾಲಯ ಇದ್ದದ್ದೂ ಟೆಕ್ಸಾರ್ಕಾನಾದಲ್ಲೇ. ಖಾಸಗಿತನದ ಹಕ್ಕು ವ್ಯಕ್ತಿಗೆ ಸೇರಿದ್ದು, ವ್ಯಕ್ತಿ ಸತ್ತಾಗ ಅದೂ ಮುಗಿಯುತ್ತದೆ, ಸಂಬಂಧಿಕರು ಅದರ ಹೆಸರಿನಲ್ಲಿ ಪರಿಹಾರ ಕೇಳುವಂತಿಲ್ಲ ಎಂಬುದು ತೀರ್ಪಿನ ತಿರುಳು. ಅಂದರೆ ಬದುಕಿರುವವರ ಬಗ್ಗೆ ಸುಳ್ಳು ಹೇಳಿದರೆ ನಿರ್ಮಾಪಕ ಸಿಕ್ಕಿಬೀಳಬಹುದು. ಸತ್ತವರ ಬಗ್ಗೆ ಹೇಳಿದರೆ ಬಹುಮಟ್ಟಿಗೆ ಬಚಾವು.

ನಮ್ಮಲ್ಲಿ ಹೇಗೆ? ಹೆಚ್ಚೇನೂ ಬೇರೆಯಿಲ್ಲ. ಆಟೋ ಶಂಕರ್ ಪ್ರಕರಣ ಎಂದೇ ಹೆಸರಾದ 1994ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಕೋರ್ಟ್ ದಾಖಲೆಯಂಥ ಸಾರ್ವಜನಿಕ ದಾಖಲೆಗಳಲ್ಲಿ ಇರುವುದನ್ನು ಪ್ರಕಟಿಸಲು ಒಪ್ಪಿಗೆ ಬೇಕಿಲ್ಲ ಎಂದಿತು; ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಕ್ಕಳ ಹೆಸರಿನಂಥವಕ್ಕೆ ವಿನಾಯಿತಿ ಇಟ್ಟಿತು. ಖಾಸಗಿತನದ ಹಕ್ಕು ಸತ್ತವರಿಂದ ವಾರಸುದಾರರಿಗೆ ಬರುವುದಿಲ್ಲ ಎಂಬ ಮಾತನ್ನು ಜಯಲಲಿತಾ ಅವರ ಕುರಿತ ಚಿತ್ರದ ಸಂದರ್ಭದಲ್ಲಿ 2021ರಲ್ಲಿ ಮದ್ರಾಸ್ ಹೈಕೋರ್ಟ್, ಸುಶಾಂತ್ ಸಿಂಗ್ ರಜಪೂತ್ ಕುರಿತ ಚಿತ್ರದ ಸಂದರ್ಭದಲ್ಲಿ 2023ರಲ್ಲಿ ದೆಹಲಿ ಹೈಕೋರ್ಟ್ ಹೇಳಿವೆ. ಬದುಕಿರುವವರೇ ಪಾತ್ರವಾದಾಗ ಲೆಕ್ಕ ಬೇರೆ. ವೀರಪ್ಪನ್ ಕುರಿತ ಕನ್ನಡ ಚಿತ್ರ 2013ರಲ್ಲಿ ಬರುವ ಮುಂಚೆ ಅವನ ಹೆಂಡತಿ ಕೋರ್ಟು ಹತ್ತಿದ್ದು ಬಹಳ ಜನರಿಗೆ ನೆನಪಿರಬಹುದು.

‘ನೈಜ ಘಟನೆ ಆಧಾರಿತ’ ಎಂಬುದಕ್ಕೆ ತದ್ವಿರುದ್ಧವಾದ ಇನ್ನೊಂದು ಫಲಕವೂ ನಮಗೆ ಚೆನ್ನಾಗಿ ಗೊತ್ತು: ‘ಈ ಚಿತ್ರದ ಪಾತ್ರಗಳು, ಘಟನೆಗಳು ಕೇವಲ ಕಾಲ್ಪನಿಕ’. ಅದು ರೂಢಿಗೆ ಬಂದದ್ದಕ್ಕೂ ಒಂದು ಮೊಕದ್ದಮೆ ಕಾರಣ. ರಷ್ಯಾದ ರಾಜಮನೆತನಕ್ಕೆ ಹತ್ತಿರವಾಗಿದ್ದ ರಾಸ್ಪುಟಿನ್ ಎಂಬ ಸಾಧುವಿನ ಕುರಿತು ಎಂಜಿಎಂ ಕಂಪನಿ 1932ರಲ್ಲಿ ಮಾಡಿದ ಚಿತ್ರದಲ್ಲಿ ತನ್ನನ್ನು ಹೋಲುವ ಪಾತ್ರವನ್ನು ಕೆಟ್ಟದಾಗಿ ತೋರಿಸಲಾಗಿದೆ ಎಂದು ರಾಜಕುಮಾರಿ ಐರೀನಾ ಯೂಸುಪೋವ್ ಲಂಡನ್ನಿನಲ್ಲಿ ದಾವೆ ಹೂಡಿ 1934ರಲ್ಲಿ ಗೆದ್ದರು. ಪರಿಹಾರ 25,000 ಪೌಂಡ್. ಅಲ್ಲಿಂದ ಮುಂದೆ ವಕೀಲರ ಸಲಹೆಯಂತೆ ‘ಎಲ್ಲ ಕಾಲ್ಪನಿಕ’ ಎನ್ನುವುದು ಬಂತು. ಈಗ ಎಷ್ಟೋ ಚಿತ್ರಗಳು ಎರಡೂ ಫಲಕ ಹಾಕುತ್ತವೆ. ಒಂದು ಟಿಕೆಟ್ ಮಾರಲು, ಇನ್ನೊಂದು ನೋಟಿಸು ತಡೆಯಲು.

ಊರಿಗೆ ಅದು ಈಗ ಏನು?

ಊರ ಹೆಸರು ಕೆಡಿಸಿತು ಎನ್ನಿಸಿಕೊಂಡ ಚಿತ್ರವನ್ನು ಈಗ ಟೆಕ್ಸಾರ್ಕಾನಾದಲ್ಲೇ ಹ್ಯಾಲೋವೀನ್ ಹಬ್ಬದ ಹೊತ್ತಿಗೆ ಬಯಲಿನಲ್ಲಿ ಪರದೆ ಕಟ್ಟಿ ತೋರಿಸುತ್ತಾರೆ. ತೋರಿಸುವ ಜಾಗ ಸ್ಪ್ರಿಂಗ್ ಲೇಕ್ ಪಾರ್ಕ್, 1946ರ ಏಪ್ರಿಲ್‌ನಲ್ಲಿ ಆ ಮಕ್ಕಳ ಕಾರು ಸಿಕ್ಕಿದ್ದು ಇದೇ ಪಾರ್ಕಿನ ಬಳಿ. ಜನ ಕುರ್ಚಿ, ಕಂಬಳಿ ತಂದು ಸಂಸಾರ ಸಮೇತ ಕೂರುತ್ತಾರೆ. ಇದು ಸರಿಯೇ ಎಂಬ ಚರ್ಚೆ ಅಲ್ಲೂ ಇದೆ. ಊರಿನ ಹಳೆಯ ಬೀದಿಗಳನ್ನೂ ತಮ್ಮ ಮನೆಯ ಹಿರಿಯರನ್ನೂ ಪರದೆಯಲ್ಲಿ ನೋಡಲು ಬರುವವರೂ ಇದ್ದಾರೆ ಎನ್ನುವುದು ನ್ಯಾಯವಾದ ಮಾತು. ಜೂನಿಯರ್ ಕಲಾವಿದರಾಗಿ ದುಡಿದದ್ದು ಊರಿನವರೇ ತಾನೇ.

2014ರಲ್ಲಿ ಅದೇ ಹೆಸರಿನ ಹೊಸ ಚಿತ್ರ ಬಂತು, ಅಲ್ಫಾನ್ಸೊ ಗೋಮೆಜ್-ರೆಹಾನ್ ನಿರ್ದೇಶನ. ಅದರ ಕಥೆ ಶುರುವಾಗುವುದು ಟೆಕ್ಸಾರ್ಕಾನಾದ ಡ್ರೈವ್-ಇನ್ ಒಂದರಲ್ಲಿ. ಜನ 1976ರ ಚಿತ್ರ ನೋಡುತ್ತಿದ್ದಾರೆ, ಅಲ್ಲಿಂದ ಹೊರಟ ಜೋಡಿಯನ್ನು ಚೀಲದ ಮುಸುಕಿನವನು ಅಡ್ಡಗಟ್ಟುತ್ತಾನೆ. ಪಿಯರ್ಸ್ ಅವರ ಮಗ ಕೂಡ ಅದರಲ್ಲಿ ಒಂದು ಪಾತ್ರ. ಈ ಹೊಸ ಹಂತಕ ನಕಲು ಮಾಡುವುದು 1976ರ ಚಿತ್ರವನ್ನು. ಟ್ರೊಂಬೋನ್ ಕೊಲೆಯನ್ನೂ ಬಿಟ್ಟಿಲ್ಲ. ಪಿಯರ್ಸ್ ತಂಡ ಹುಟ್ಟಿಸಿದ ವಿವರವೊಂದು 38 ವರ್ಷದಲ್ಲಿ, ಎರಡನೆಯವರು ಆಧಾರವಾಗಿ ಹಿಡಿಯುವಷ್ಟು ‘ಹಳೆಯ ಘಟನೆ’ ಆಗಿಬಿಟ್ಟಿತ್ತು. ಜೊತೆಗೆ ಈ ಎರಡನೇ ಚಿತ್ರ, ಮೊದಲನೆಯದು ಮಾಡದ ಕೆಲಸವನ್ನೂ ಮಾಡಿತು: ಮುಸುಕು ತೆಗೆಸಿ ಹಂತಕ ಯಾರೆಂದು ತೋರಿಸಿತು. ಬೋವಿ ಮತ್ತು ಮಿಲ್ಲರ್ ಕೌಂಟಿಗಳ ದಾಖಲೆಯಲ್ಲಿ ಆ ಜಾಗ ಇನ್ನೂ ಖಾಲಿ.